ಬೋಣಿ ಕಣ್ಣು

ಇವತ್ತು ನಸುಕಿನಲ್ಲೇ ನಳ ಬಂತು, ಎರಡು ಡ್ರಮ್ಮು ನಾಲ್ಕು ಕೊಡ ತುಂಬಿದೆ. ಅವ್ವನ ಬಿ.ಪಿ. ಗುಳಿಗೆ ಬಿಡಿಸಿ ಬಟ್ಟಲಲ್ಲಿಟ್ಟೆ. ಪುಂಡಿಸೊಪ್ಪು ಸೋಸಿ ತೊಳೆದು ಬುಟ್ಟಿಯಲ್ಲಿ ಆರಲು ಬಿಟ್ಟೆ. ಕುಕ್ಕರಿನ ರಬ್ಬರು ಸಡಿಲಾಗಿತ್ತು, ಬಿಗಿಯಾಗಲಿ ಎಂದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟೆ. ಎಂಟೂವರೆಗೆ ದವಾಖಾನೆಯ ಬೀಗ ತೆಗೆದು ಕಸ ಹೊಡೆದೆ, ಬೆಂಚು ಒರೆಸಿದೆ, ಚೀಟಿ ಕೊಟ್ಟೆ, ಹದಿನೇಳು ಜನರ ಕಣ್ಣಿಗೆ ಔಷಧಿ ಬಿಟ್ಟೆ, “ಕಣ್ಣು ತಿಕ್ಕಬ್ಯಾಡ್ರಿ” ಎಂದು ಹದಿನೇಳೂ ಜನರಿಗೆ ಎರಡೆರಡು ಸಲ ಹೇಳಿದೆ. ಮಧ್ಯಾಹ್ನ ಡಬ್ಬಿಯ ಅನ್ನ ಉಂಡು, ಕೈ ತೊಳೆದು, ಪ್ರಿಸಂ ಪೆಟ್ಟಿಗೆ ಒರೆಸಲು ಕುಳಿತೆ. ನಾಲ್ಕಕ್ಕೆ ಮಸ್ಕಿಯ ಕೂಸು ಬರುವುದಿತ್ತು.

ಪೆಟ್ಟಿಗೆಯೊಳಗಿನ ಕೆಂಪು ಮಖಮಲ್ಲು ಒಂದು ಮೂಲೆಯಲ್ಲಿ ಎದ್ದಿದೆ. ಅದರಡಿ ಉಗುರಿನಷ್ಟು ಅಗಲದ, ಅರ್ಧಚಂದ್ರದಂಥ ಪ್ಲಾಸ್ಟಿಕ್ ಚೂರು ಸಿಕ್ಕಿತು. ಬೆಳಕಿಗೆ ಹಿಡಿದರೆ ಮೈತುಂಬ ಕೂದಲೆಳೆಯಂಥ ಗೆರೆ. ಹೋದ ವರ್ಷದ ಆಷಾಢದಲ್ಲಿ ನಾನೇ ಕತ್ತರಿಸಿದ್ದು. ಒಗೆಯಲು ಎದ್ದವಳು ಒಗೆಯದೆ ಅಲ್ಲೇ ಕುಳಿತೆ.

ಸಿಂಧನೂರಿನ ಈ ಕಣ್ಣಿನ ದವಾಖಾನೆಯಲ್ಲಿ ನಾನು ಹದಿನೆಂಟು ವರ್ಷದಿಂದ ಇದ್ದೇನೆ. ಕಸ ಹೊಡೆಯಲು ಬಂದವಳು ಕಣ್ಣಳತೆಯನ್ನೂ ಕಲಿತೆ. ಪ್ರಿಸಂ ಎಂದರೆ ಒಂದು ಅಂಚು ದಪ್ಪ, ಇನ್ನೊಂದು ಅಂಚು ತೆಳ್ಳಗಿರುವ ಗಾಜು. ಅದರೊಳಗಿಂದ ನೋಡಿದರೆ ಎದುರಿಗಿದ್ದದ್ದು ತೆಳುವಾದ ಅಂಚಿನ ಕಡೆ ಸರಿದು ಕಾಣುತ್ತದೆ. ಇಂಥ ಗಾಜುಗಳನ್ನೇ ಪಾವಟಿಗೆಯಂತೆ, ಮೆಟ್ಟಿಲು ಮೆಟ್ಟಿಲಾಗಿ, ಒಂದರ ಮೇಲೊಂದು ಕೂಡಿಸಿದ ಪಟ್ಟಿಯೂ ಇದೆ. ಇಳಿದಂತೆಲ್ಲ ದಪ್ಪವಾಗುತ್ತ ಹೋಗುತ್ತದೆ. ಕಣ್ಣು ಓರೆಯಿದ್ದವರನ್ನು ಕೂರಿಸಿ, ಒಂದು ಕಣ್ಣು ಮುಚ್ಚಿ, ಅದನ್ನು ತೆರೆದು ಇನ್ನೊಂದನ್ನು ಮುಚ್ಚಿ, ಪಟ್ಟಿಯನ್ನು ಒಂದೊಂದೇ ಪಾವಟಿಗೆ ಸರಿಸುತ್ತ ಹೋಗಬೇಕು. ಯಾವ ಪಾವಟಿಗೆಯಲ್ಲಿ ಕಣ್ಣಿನ ಓಡಾಟ ನಿಲ್ಲುತ್ತದೋ ಅದೇ ಆ ಕಣ್ಣು ದಾರಿ ಬಿಟ್ಟಿರುವ ದೂರ.

ಕೆಲಸಕ್ಕೆ ಸೇರಿದ ಮೊದಲ ವಾರ ಯಾರೂ ಇಲ್ಲದಾಗ ಆ ಪಟ್ಟಿಯನ್ನು ನನ್ನ ಎಡಗಣ್ಣಿನ ಮುಂದೆ ಹಿಡಿದು ಕನ್ನಡಿ ನೋಡಿದ್ದೆ. ನನ್ನ ಎಡಗಣ್ಣು ಹುಟ್ಟಿದಾಗಿನಿಂದ ಮೂಗಿನ ಕಡೆ ತಿರುಗಿದೆ. ಯಾವುದೋ ಒಂದು ಪಾವಟಿಗೆಯಲ್ಲಿ ಬೆಳಕು ಬಂದೀತೆಂದು ಕೊನೆಯ ದಪ್ಪ ಗಾಜಿನವರೆಗೂ ಸರಿಸಿದೆ. ಡಾಕ್ಟರಮ್ಮ ಹಿಂದಿನಿಂದ ಬಂದವರು ಬೈಯಲಿಲ್ಲ. “ಶಶಿ, ಆ ಕಣ್ಣು ನೋಡೋದನ್ನೇ ಕಲಿತಿಲ್ಲ. ಐದಾರು ವರ್ಷದವಳಿದ್ದಾಗ ಒಳ್ಳೇ ಕಣ್ಣು ಮುಚ್ಚಿ ಇದಕ್ಕೆ ಕೆಲಸ ಕೊಟ್ಟಿದ್ದರೆ ಕಲೀತಿತ್ತು. ಯಾರೂ ಹೇಳಲಿಲ್ವಾ?” ಎಂದರು.

ಹೇಳಿದ್ದರು. ಅದು ಗೊತ್ತಾದದ್ದು ಆ ಸಂಜೆ, ಅವ್ವನ ಬಾಯಿಂದ.

ನಾವು ಮೂಲತಃ ಮಸ್ಕಿಯವರು. ಬಜಾರಿನಲ್ಲಿ ನಮ್ಮದು ಜವಳಿ ಅಂಗಡಿ. ನಮ್ಮದು ಎಂದರೆ ದೊಡ್ಡಪ್ಪನದು, ಅಪ್ಪ ಅಲ್ಲಿ ಬಟ್ಟೆ ಹರಿಯುವವನು. ನಾನು ಮೂರು ವರ್ಷದವಳಿದ್ದಾಗ ಒಂದು ದಿನ ಬೆಳಿಗ್ಗೆ ಅಪ್ಪನ ತೊಡೆಯ ಮೇಲೆ ಕುಳಿತಿದ್ದೆನಂತೆ, ಬಾಗಿಲು ತೆಗೆದ ಕೂಡಲೇ ಮದುವೆ ಜವಳಿಯ ದೊಡ್ಡ ದಂಡು ಬಂತಂತೆ. ಮಾಲುಗಣ್ಣು ಲಕ್ಷ್ಮಿಯ ಕಣ್ಣು ಎಂದು ದೊಡ್ಡಪ್ಪ ತೀರ್ಮಾನಿಸಿದರು. ಅಂದಿನಿಂದ ಬೋಣಿ ನನ್ನಿಂದಲೇ. ದಿನಾ ಎರೆದು, ವಿಭೂತಿ ಹಚ್ಚಿ, ಗಾದಿಯ ಮೇಲೆ ಕೂರಿಸುವುದು. ಮೊದಲ ಗಿರಾಕಿ ಕೊಟ್ಟ ನೋಟನ್ನು ದೊಡ್ಡಪ್ಪ ನನ್ನ ಎಡಗಣ್ಣಿನ ರೆಪ್ಪೆಗೆ ಮುಟ್ಟಿಸಿ ಗಲ್ಲಾಪೆಟ್ಟಿಗೆಗೆ ಹಾಕುವರು, ನನ್ನ ಬಾಯಿಗೆ ಕಲ್ಲುಸಕ್ಕರೆ ಹಾಕುವರು. ನನಗೆ ಅದೊಂದು ಗರ್ವ. ಓಣಿಯ ಬೇರೆ ಯಾವ ಹುಡುಗಿಗೂ ಅಷ್ಟು ಕಲ್ಲುಸಕ್ಕರೆ ಸಿಗುತ್ತಿರಲಿಲ್ಲ.

ಐದು ತುಂಬಿದಾಗ ಲಿಂಗಸುಗೂರಿನ ಒಂದು ಸಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಅವ್ವ ತವರಿಗೆ ಹೋಗುವ ನೆಪ ಹೇಳಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿನ ಡಾಕ್ಟರು ಅರಳೆ, ಪಟ್ಟಿ ಕೊಟ್ಟು, ಬಲಗಣ್ಣು ಮುಚ್ಚಿಡು, ಎಡಗಣ್ಣು ದುಡಿಯಲಿ, ಬಿಡಬೇಡ ಎಂದರಂತೆ. ಅವ್ವ ಮೂರು ದಿನ ಮುಚ್ಚಿದಳು. ನಾಲ್ಕನೆಯ ದಿನ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ದೊಡ್ಡಪ್ಪ, “ಬೋಣಿ ಹೊತ್ತಿನ್ಯಾಗ ಕಣ್ಣು ಮುಚ್ಚಿದ ಕೂಸಿನ್ನ ಕುಂದರಸ್ತೀರೇನು?” ಎಂದವರೇ ಆ ಪಟ್ಟಿಯನ್ನು ಕಿತ್ತರು. ಹುಬ್ಬಿನ ಕೂದಲು ಅದರ ಜೊತೆಗೇ ಬಂತು. ಅದೊಂದು ನನಗೂ ನೆನಪಿದೆ, ಉರಿ. ಅಪ್ಪ ಕತ್ತರಿ ಹಿಡಿದುಕೊಂಡು ನಿಂತೇ ಇದ್ದ.

ಬೋಣಿಗೆ ಬೇಕಾದ ಕಣ್ಣು ಮದುವೆಗೆ ಬೇಡವಾಯಿತು. ನೋಡಲು ಬಂದವರು ಅವಲಕ್ಕಿ ತಿಂದು ಹೋಗುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನಾನೂ ಅವ್ವನೂ ಸಿಂಧನೂರಿಗೆ ಬಂದೆವು. ದೊಡ್ಡಪ್ಪ ಒಮ್ಮೆಯೂ ಈ ಕಡೆ ಹಾಯಲಿಲ್ಲ, ಹೋದ ವರ್ಷದ ಆಷಾಢದವರೆಗೆ.

ಆ ಆಷಾಢದಲ್ಲಿ ಮೋಡ ಬಂತು, ಮಳೆ ಬರಲಿಲ್ಲ. ಆದರೆ ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿ ಜೋರಾಗಿತ್ತು. ಬಳಗಾನೂರು ಕಡೆಯಿಂದ ಆಟೋ ತುಂಬಿಕೊಂಡು ಬರುವ ಹೆಣ್ಣುಮಕ್ಕಳ ಕಣ್ಣೆಲ್ಲ ಕೆಂಪು. ಕೆಸರುಗೈಯಲ್ಲೇ ತಿಕ್ಕಿಕೊಂಡು ಒಬ್ಬರಿಂದೊಬ್ಬರಿಗೆ ಬೇನೆ ಹಬ್ಬಿಸಿಕೊಂಡಿದ್ದರು. ದವಾಖಾನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಆ ಗದ್ದಲದಲ್ಲಿ ಒಬ್ಬ ಮುದುಕರು ಕೌಂಟರಿನ ಅಂಚು ಹಿಡಿಯಲು ಹೋಗಿ ಅದರ ಪಕ್ಕದ ಗಾಳಿಯನ್ನು ಹಿಡಿದರು. ಧೋತರ, ಕರಿ ಕೋಟು, ಹಳೇ ಕಾಲದ ಗುಂಡು ಗಾಜಿನ ಕನ್ನಡಕ. ದೊಡ್ಡಪ್ಪ.

“ಏನಾಗೈತ್ರಿ?” ಎಂದೆ, ಗುರುತೇ ಇಲ್ಲದವಳಂತೆ.

“ಎಲ್ಲಾ ಎರಡೆರಡು ಕಾಣಾಕತ್ತಾವ. ಬಾಗಲಾ ಎರಡು, ಬಸ್ಸು ಎರಡು,” ಎಂದವರು ಮುಖ ಹತ್ತಿರ ತಂದು ನೋಡಿದರು. “ನೀ ನಮ್ಮ ಶಶಿಕಲಾ ಅಲ್ಲೇನಬೇ? ನೀನೂ ಎರಡು ಕಾಣಾಕತ್ತಿ.”

“ಒಬ್ಬಾಕಿ ಇದ್ದಾಗ ನೋಡಲಿಲ್ಲ. ಈಗ ಇಬ್ಬರ್ನ ನೋಡ್ರಿ,” ಎಂದು ಕೊನೆಯ ಚೀಟಿ ಕೊಟ್ಟೆ.

ಮೂರು ತಾಸು ಕುಳಿತರು. ಅವರ ಸರದಿ ಬಂದಾಗ ಡಾಕ್ಟರಮ್ಮ ನೋಡಿ, ಸಕ್ಕರೆ ಕಾಯಿಲೆಯಿಂದ ಎಡಗಣ್ಣನ್ನು ಹೊರಗೆ ಎಳೆಯುವ ನರ ಸೋತಿದೆ, ಮೂರ್ನಾಲ್ಕು ತಿಂಗಳಲ್ಲಿ ತಾನಾಗಿ ಚೇತರಿಸಬಹುದು ಎಂದರು. ಅಳತೆ ತೆಗೆಯಲು ನನಗೆ ಬಿಟ್ಟರು. ಕತ್ತಲ ಕೋಣೆಯಲ್ಲಿ ದೂರಕ್ಕೊಂದು ಸಣ್ಣ ದೀಪ ಹಚ್ಚಿ ಅವರ ಕಣ್ಣಿನ ಮುಂದೆ ಪಟ್ಟಿ ಹಿಡಿದೆ.

“ಎಷ್ಟು ದೀಪ?”

“ಎರಡು.”

ಸರಿಸಿದೆ. “ಈಗ?”

“ಸಮೀಪ ಬಂದ್ವು.”

ಇನ್ನೆರಡು ಪಾವಟಿಗೆ. “ಈಗ?”

“ಒಂದು! ಶಿವ ಶಿವಾ, ಒಂದು!” ಎಂದು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ನಾನು ಪಟ್ಟಿಯನ್ನು ಕೆಳಗಿಳಿಸಿದೆ.

“ಹೋತಲ್ಲಬೇ!”

“ಹೋಗತೈತ್ರಿ,” ಎಂದೆ. ಅಳತೆ ಒಂದೇ ಸಲಕ್ಕೆ ಸಿಕ್ಕಿತ್ತು. ಆದರೂ ಮೂರು ಸಲ ತೆಗೆದೆ. ಮೂರು ಸಲ ಒಂದು ದೀಪ ತೋರಿಸಿ ಮೂರು ಸಲ ಕಸಿದುಕೊಂಡೆ.

ಆ ಸಂಜೆ ಅವ್ವನಿಗೆ ಹೇಳಿದಾಗ ಅವಳು ಒಲೆಯ ಮುಂದಿನಿಂದ ಎದ್ದೇ ಬಂದಳು. “ಎಷ್ಟು ಕಾಣ್ತಾವಂತ ಅವಗ?”

“ಎರಡು.”

“ಇನ್ನೊಂದು ನಾಕು ಕಾಣಲಿ,” ಎಂದು ದೇವರ ಜಗುಲಿಗೆ ಕೈ ಮುಗಿದಳು. ಮುಂದೆ ದಿನಾ ಸಂಜೆ ಅವಳದು ಅದೇ ಪ್ರಶ್ನೆ. ಹಾಲಿನವನು ಬಂದನೇ ಎಂದು ಕೇಳುವಷ್ಟು ಸಹಜವಾಗಿ ಕೇಳುವಳು.

ಎರಡೆರಡು ಕಾಣುವವರಿಗೆ ನರ ಚೇತರಿಸುವವರೆಗೆ ಒಂದು ಉಪಾಯವಿದೆ. ಮೈತುಂಬ ಗೆರೆಯಿರುವ ತೆಳ್ಳನೆಯ ಪ್ರಿಸಂ ಹಾಳೆಯನ್ನು ಕನ್ನಡಕದ ಅಳತೆಗೆ ಕತ್ತರಿಸಿ, ನೀರಿನಲ್ಲಿ ಮುಳುಗಿಸಿ, ಗಾಜಿನ ಒಳಮೈಗೆ ಅಂಟಿಸುವುದು. ಕಣ್ಣು ಒಳಗೆ ತಿರುಗಿದವರಿಗೆ ದಪ್ಪನೆಯ ಬದಿ ಕಿವಿಯ ಕಡೆ ಬರಬೇಕು. ಹಾಗೆ ಹಚ್ಚಿದರೆ ಎರಡು ಕಾಣುವುದು ಒಂದಾಗುತ್ತದೆ. ತಿರುವುಮುರುವು ಹಚ್ಚಿದರೆ ಎರಡೂ ಇನ್ನಷ್ಟು ದೂರ ಓಡುತ್ತವೆ.

ಹಾಳೆ ರಾಯಚೂರಿನಿಂದ ಬರಲು ಒಂದು ವಾರ ಹಿಡಿಯಿತು. ಬುಧವಾರ ದೊಡ್ಡಪ್ಪ ಮತ್ತೆ ಬಂದರು. ಈ ಸಲ ಜೊತೆಗೆ ಅವರ ಸಣ್ಣ ಮಗನ ಹೆಂಡತಿ ಪವಿತ್ರಾ, ಅವಳ ಸೊಂಟದಲ್ಲಿ ನಾಲ್ಕು ವರ್ಷದ ಮಗಳು ಸಿಂಚನಾ. ಬುಧವಾರ ಡಾಕ್ಟರಮ್ಮ ಮಧ್ಯಾಹ್ನವೇ ಲಿಂಗಸುಗೂರಿಗೆ ಹೋಗುತ್ತಾರೆ. ಕಾರು ಹತ್ತುತ್ತ, “ಶಶಿ, ಅವರಿಗೆ ಹಚ್ಚಿ ಕಳಿಸು. ದಪ್ಪ ಕಿವಿ ಕಡೆ,” ಎಂದರು.

ನಾನು ಕತ್ತರಿ, ಬಟ್ಟಲು, ನೀರು ಇಟ್ಟುಕೊಂಡು ಕುಳಿತೆ. ಕೂಸು ಬಂದು ನನ್ನ ಮೊಳಕಾಲಿಗೆ ಒರಗಿ ನಿಂತು ಮುಖವನ್ನೇ ನೋಡತೊಡಗಿತು. ಅದರ ಎಡಗಣ್ಣು ಮೂಗಿನ ಕಡೆ ತಿರುಗಿತ್ತು.

“ನಿನ್ನ ಕಣ್ಣೂ ನನ್ನಂಗ ಐತಿ,” ಎಂದಿತು.

“ಹೌದವ್ವಾ.”

“ನಿನಗೂ ಮುಂಜಾನೆ ಕಲ್ಲಸಕ್ರಿ ಕೊಡ್ತಾರೇನು?”

ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು. ಪವಿತ್ರಾಳ ಮುಖ ನೋಡಿದೆ. ಅವಳು ತಲೆ ತಗ್ಗಿಸಿ, “ದಿನಾ ಬಾಗಲಾ ತೆಗೆಯೂ ಹೊತ್ತಿಗೆ ಒಯ್ದು ಕುಂದರಸ್ತಾರ್ರೀ ಅಕ್ಕಾರ. ಈಗ ನೋಟು ಕಡಿಮಿ, ಮಂದಿ ಫೋನಿಲೆ ಹಾಕ್ತಾರ. ಅದಕ್ಕ ಆ ರೊಕ್ಕ ಬಂತಂತ ಒದರೂ ಡಬ್ಬಿನ್ನ ಇಕಿ ಕಣ್ಣಿಗೆ ಮುಟ್ಟಸ್ತಾರ,” ಎಂದಳು.

ನಾನು ದೊಡ್ಡಪ್ಪನ ಕಡೆ ತಿರುಗಿದೆ. “ಈ ಕೂಸಿನ ಕಣ್ಣು ತೋರಸ್ರಿ. ಈಗ ಮುಚ್ಚಿದ್ರ ಸರಿ ಹೋಗತೈತಿ.”

“ಅದರ ಕಣ್ಣಿಗೆ ಏನಾಗೈತಿ? ಚಲೋ ಐತಿ. ನಿಂದೇನು ಕೆಟ್ಟೈತಿ? ಕೆಲಸಾ ಮಾಡಾಕತ್ತಿ, ಉಣ್ಣಾಕತ್ತಿ,” ಎಂದರು ಅವರು. “ಮೊದಲ ನನ್ನದ ಹಚ್ಚು, ಜಲ್ದಿ. ಬಸ್ಸೈತಿ.”

ನಾನು ಹಚ್ಚಿದೆ. ಅವರದು ಗುಂಡು ಗಾಜು, ಹೇಗೆ ತಿರುಗಿಸಿದರೂ ಹೊಂದುತ್ತದೆ. ಅಂಚು ಕತ್ತರಿಸಿದಾಗ ಅರ್ಧಚಂದ್ರದಂಥ ಚೂರು ಪೆಟ್ಟಿಗೆಯೊಳಗೆ ಬಿತ್ತು. ಹಾಳೆಯನ್ನು ನೀರಿನಲ್ಲಿ ಮುಳುಗಿಸಿ, ದಪ್ಪನೆಯ ಬದಿ ಯಾವುದೆಂದು ಎರಡು ಸಲ ನೋಡಿಕೊಂಡು, ಅದನ್ನು ಮೂಗಿನ ಕಡೆ ಮಾಡಿ ಅಂಟಿಸಿದೆ. ಗಾಳಿಗುಳ್ಳೆ ಉಳಿಯದಂತೆ ಹೆಬ್ಬೆರಳಿನಿಂದ ಒತ್ತಿದೆ. ಅಷ್ಟು ನೀಟಾಗಿ ಅದಕ್ಕೂ ಮೊದಲು ಯಾರಿಗೂ ಹಚ್ಚಿರಲಿಲ್ಲ.

ದೊಡ್ಡಪ್ಪ ಹಾಕಿಕೊಂಡು ಬಾಗಿಲ ಕಡೆ ನೋಡಿದರು. “ಇವು ಇನ್ನೂ ದೂರ ಹೋದ್ವಲ್ಲ?”

“ಹೊಸಾದ್ರಿ. ಎಂಟು ದಿನ ಹಾಕ್ಕೊಳ್ರಿ, ರೂಢಿ ಆಗತೈತಿ.”

ಹೊಸ ಕನ್ನಡಕದವರಿಗೆಲ್ಲ ಹೇಳುವ ಮಾತು ಅದು. ಇದಕ್ಕೆ ಮೊದಲು ನಾನು ಅದನ್ನು ಸುಳ್ಳಿಗೆ ಹೇಳಿದವಳಲ್ಲ.

ಅವರು ಗೋಡೆ ಹಿಡಿದು ಹೊರಗೆ ನಡೆದ ಮೇಲೆ ಪವಿತ್ರಾ ಒಂದು ನಿಮಿಷ ಹಿಂದೆ ಉಳಿದು ನನ್ನ ಕೈ ಹಿಡಿದಳು. “ಅಕ್ಕಾರ, ನಾ ಮನ್ಯಾಗ ಜಗಳಾಡಿ ಒಂದು ಮಾತು ತೊಗೊಂಡೀನಿ. ಮಾವಾರ ಕಣ್ಣು ಈ ದವಾಖಾನ್ಯಾಗ ಸರಿ ಆದ್ರ ಕೂಸಿಂದೂ ತೋರಸಾಕ ಬಿಡ್ತಾರಂತ. ಆಗಲಿಲ್ಲಂದ್ರ ಇಲ್ಲ. ನಿಮ್ಮ ಕೈಗುಣದ ಮ್ಯಾಲೈತಿ ನೋಡ್ರಿ,” ಎಂದು ಓಡಿದಳು. ನಾನು ಬಟ್ಟಲಿನ ನೀರು ಹಿಡಿದುಕೊಂಡು ನಿಂತಿದ್ದೆ. ಗೇಟಿನವರೆಗೆ ಹೋದರೆ ಇಪ್ಪತ್ತು ಹೆಜ್ಜೆ. ಕೂಗಿದರೆ ಕೇಳುತ್ತಿತ್ತು. ಆಟೋ ಹೋಗುವವರೆಗೂ ನಾನು ಬಾಯಿ ಬಿಡಲಿಲ್ಲ.

ಆ ರಾತ್ರಿ ಉಣ್ಣುವಾಗ ಹಾಳೆ ತಿರುವಿದ್ದನ್ನು ಅವ್ವನಿಗೆ ಹೇಳಿದೆ. ಅವಳು ನಕ್ಕು ನಕ್ಕು ಕೆಮ್ಮಿದಳು, ನನ್ನ ತಾಟಿಗೆ ಇನ್ನೊಂದು ಸವಟು ತುಪ್ಪ ಹಾಕಿದಳು. ಕೂಸಿನ ಮಾತು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಆ ವಾರವೆಲ್ಲ ನಾನು ಹಗುರಾಗಿ ಓಡಾಡಿದೆ. ಕಸ ಹೊಡೆಯುವಾಗ, ಚೀಟಿ ಬರೆಯುವಾಗ, ಈಗ ದೊಡ್ಡಪ್ಪ ಯಾವ ಬಾಗಿಲಿಗೆ ಹೋಗಿ ಹಾಯ್ದಿರಬಹುದು, ಯಾವ ಗಿರಾಕಿಯ ಪಕ್ಕದ ಗಾಳಿಗೆ ಸೀರೆ ಕೊಟ್ಟಿರಬಹುದು ಎಂದು ನೆನೆಸಿಕೊಳ್ಳುವುದೇ ಒಂದು ತಿನಿಸಾಗಿತ್ತು. ಫೋನು ಮಾಡಬಹುದಿತ್ತು. ತಪ್ಪಾಗಿದೆ, ಬನ್ನಿ ಎನ್ನಬಹುದಿತ್ತು. ಇನ್ನೊಂದು ದಿನ ಇರಲಿ, ಇನ್ನೊಂದು ದಿನ ಎಂದು ಬಿಟ್ಟೆ. ಮನುಷ್ಯರು ಕಲ್ಲುಸಕ್ಕರೆಯನ್ನು ಕಡಿಯದೆ ಚೀಪುವುದು ಹೀಗೆಯೇ.

ಏಳು ದಿನ ಕಳೆದು ಮತ್ತೆ ಬುಧವಾರ ಸಂಜೆ ಪವಿತ್ರಾಳೇ ಫೋನು ಮಾಡಿದಳು. ಹಿಂದೆ ಹಾಲು ಉಕ್ಕುವ ಸಪ್ಪಳ, ಅವಳ ದನಿ ಸಣ್ಣದು. “ಅಕ್ಕಾರ, ಮಾವಾರು ಅಂಗಡಿ ಪಾವಟಿಗಿ ಮ್ಯಾಲ ಬಿದ್ದು ಕಾಲು ಕೆತ್ತಿಸಿಕೊಂಡಾರ. ಆ ದವಾಖಾನಿಯವರಿಗೆ ಏನೂ ತಿಳಿಯಂಗಿಲ್ಲ, ಕೂಸಿನ ಕಣ್ಣಿಗೆ ಯಾರೂ ಕೈ ಹಚ್ಚಬಾರದು ಅಂತ ಎಲ್ಲಾರ ಮುಂದ ಹೇಳಿಬಿಟ್ಟಾರ. ನಮ್ಮನಿಯವರೂ ಹೂಂ ಅಂದಾರ. ಮುಗೀತ್ರಿ.”

ಅವಳು ಅಳಲಿಲ್ಲ. ಮುಗೀತು ಎಂಬ ಇದೇ ಮಾತನ್ನು ನನ್ನ ಅವ್ವ ನಲವತ್ತೆರಡು ವರ್ಷದ ಹಿಂದೆ ಯಾರಿಗೆ ಹೇಳಿದ್ದಳೋ ಗೊತ್ತಿಲ್ಲ. ಆಗ ಹೇಳಿಕೊಳ್ಳಲು ಅವಳ ಹತ್ತಿರ ಫೋನೂ ಇರಲಿಲ್ಲ.

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಈ ಸಲ ಅವಳು ನಗಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ, “ಅವನ ಮ್ಯಾಲಿನ ಸಿಟ್ಟು ನಿನಗಿಂತ ನನಗ ಹೆಚ್ಚೈತಿ. ಅವ ಬೀಳಲಿ, ಹಲ್ಲು ಮುರೀಲಿ. ಆದ್ರ ಆ ಕೂಸಿನ ಕಣ್ಣು ತಿಂದು ನಿನ್ನ ಹೊಟ್ಟಿ ತುಂಬತೈತೇನಬೇ?” ಎಂದಳು. ಆಮೇಲೆ ಹಿಟ್ಟಿನ ಮೇಲೆ ಮತ್ತೆ ಕೈ ಊರಿ, “ನಾಳೆ ಮೊದಲನೇ ಬಸ್ಸಿಗೆ ಹೋಗು. ಬಾಗಲಾ ತೆಗೆಯೂ ಹೊತ್ತಿಗೆ ಹೋಗು,” ಎಂದಳು.

ಹೋದೆ. ಡಾಕ್ಟರಮ್ಮನಿಗೆ ಫೋನು ಮಾಡಿ ಅರ್ಧ ದಿನದ ರಜೆ ಕೇಳಿದ್ದೆ. ಚೀಲದಲ್ಲಿ ಒಂದು ಕಟ್ಟು ಕಣ್ಣುಪಟ್ಟಿ, ಬುತ್ತಿ. ಸಿಂಧನೂರಿನ ಸೀಮೆ ದಾಟುವವರೆಗೆ ಎರಡೂ ಬದಿ ನೀರು ನಿಂತ ಗದ್ದೆ, ಸಸಿಯ ಹಸಿರು. ಮುಂದೆ ಎರೆಭೂಮಿ ಬಾಯಿ ಬಿಟ್ಟುಕೊಂಡು ಮಳೆಗೆ ಕಾದಿತ್ತು. ನಾನು ಯಾವಾಗಲೂ ಬಸ್ಸಿನಲ್ಲಿ ಎಡಗಡೆಯ ಕಿಟಕಿಗೆ ಕೂರುತ್ತೇನೆ. ಬಲಗಡೆ ಕೂತರೆ ಎಡಕ್ಕೆ ಕೂತವರು ಯಾರು, ಏನು ಮಾಡುತ್ತಿದ್ದಾರೆ ನನಗೆ ಕಾಣುವುದಿಲ್ಲ. ಮದುವೆಯಾಗಲಿಲ್ಲ ಎಂಬುದಕ್ಕಿಂತ ಇಂಥ ಸಣ್ಣ ಸಂಗತಿಗಳಿಗೆ ನನಗೆ ಸಿಟ್ಟು ಹೆಚ್ಚು.

ಮಸ್ಕಿಯ ಅಂಗಡಿಗೆ ಈಗ ಗಾಜಿನ ಬಾಗಿಲು, ಗಾದಿಯ ಬದಲು ಕೌಂಟರು. ಪವಿತ್ರಾಳ ಗಂಡ ಊದಿನಕಡ್ಡಿ ಬೆಳಗುತ್ತಿದ್ದ. ಕೌಂಟರಿನ ಮೇಲೆ ಸಿಂಚನಾ ಎರೆದುಕೊಂಡ ಒದ್ದೆಗೂದಲಲ್ಲಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಕುಳಿತಿತ್ತು. ಮೂಲೆಯ ಕುರ್ಚಿಯಲ್ಲಿ ದೊಡ್ಡಪ್ಪ. ಕಣಕಾಲಿಗೆ ಅರಿಶಿನ ಮೆತ್ತಿದ ಗಾಯ. ಅದನ್ನು ನೋಡಿ ನನಗೆ ಸಂತೋಷವಾಯಿತು ಎಂದು ಬರೆಯದಿದ್ದರೆ ಇದೆಲ್ಲ ಸುಳ್ಳಾಗುತ್ತದೆ. ಆಯಿತು.

ಸಂತೆಕಲ್ಲೂರಿನ ಇಬ್ಬರು ಹೆಣ್ಣುಮಕ್ಕಳು ಸೀರೆ ನೋಡಲು ಆಗಲೇ ಬಂದು ಕುಳಿತಿದ್ದರು. ಅವತ್ತಿನ ಮೊದಲ ಗಿರಾಕಿಗಳು ಅವರೇ.

“ಒಂದು ಬಟ್ಟಲಾ ನೀರು ಕೊಡವ್ವಾ,” ಎಂದು ಪವಿತ್ರಾಳಿಗೆ ಹೇಳಿ ನಾನು ದೊಡ್ಡಪ್ಪನ ಮುಖದಿಂದ ಕನ್ನಡಕ ತೆಗೆದೆ. ಅವರು ಕೇಳುವ ಮೊದಲೇ ಹಾಳೆಯನ್ನು ಕಿತ್ತು, ನೀರಿಗೆ ಬಿಟ್ಟು, ತಿರುಗಿಸಿ, ದಪ್ಪನೆಯ ಬದಿ ಕಿವಿಯ ಕಡೆಗಿಟ್ಟು ಒತ್ತಿದೆ. ಸೆರಗಿನಿಂದ ಒರೆಸಿ ಮತ್ತೆ ಅವರ ಮೂಗಿಗೇರಿಸಿದೆ.

ದೊಡ್ಡಪ್ಪ ಕೌಂಟರಿನ ಕಡೆ ನೋಡಿದರು. ಎಷ್ಟೋ ಹೊತ್ತು ನೋಡಿದರು. “ಒಂದ ಕೂಸು,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ವ್ಯಾಪಾರದವರು, ಒಂದು ಬಟ್ಟೆಯ ಒಳಮೈ ಹೊರಮೈ ಕಣ್ಣುಮುಚ್ಚಿ ಹೇಳುವವರು. ಲೆಕ್ಕ ಹತ್ತಲು ತಡವಾಗಲಿಲ್ಲ. “ತಿರುವಿ ಹಚ್ಚಿದ್ದಿ ಅಲ್ಲೇನು?”

“ಹೌದು.”

“ಮರತು?”

“ಇಲ್ಲ. ತಿಳದ ಹಚ್ಚೀನಿ.”

ಸೀರೆ ಬಿಡಿಸುತ್ತಿದ್ದ ಹೆಣ್ಣುಮಕ್ಕಳ ಕೈ ನಿಂತಿತು. ಪವಿತ್ರಾಳ ಗಂಡ ಊದಿನಕಡ್ಡಿ ಹಿಡಿದುಕೊಂಡೇ ನಮ್ಮನ್ನು ನೋಡುತ್ತಿದ್ದ.

“ಎಂಟು ದಿನಾ,” ಎಂದರು ದೊಡ್ಡಪ್ಪ. “ಎಂಟು ದಿನಾ ನಾ ಕಂಬಕ್ಕ ಹಾಯ್ದೀನಿ, ಬಾಗಲಕ್ಕ ಹಾಯ್ದೀನಿ. ನನ್ನ ಮನ್ಯಾಗ ನಾನ ತಡವರಿಸಿ ಅಡ್ಡಾಡೀನಿ.”

“ನಾ ನಲವತ್ತೆರಡು ವರ್ಷ ಆತು ದೊಡ್ಡಪ್ಪ, ಎಡಕ್ಕ ಬಂದೋರಿಗೆಲ್ಲಾ ಹಾಯಾಕತ್ತೀನಿ. ನಿಮ್ಮದು ತಿರುವಿ ಹಚ್ಚಿದ್ರ ಸರಿ ಆತು. ನಂದು?”

ಉತ್ತರಕ್ಕೆ ಕಾಯಲಿಲ್ಲ. ಚೀಲದಿಂದ ಕಣ್ಣುಪಟ್ಟಿ ತೆಗೆದು, ಕೌಂಟರಿನ ಮೇಲಿದ್ದ ಕೂಸಿನ ಮುಂಗೂದಲು ಸರಿಸಿ, ಬಲಗಣ್ಣಿನ ಮೇಲೆ ಹಚ್ಚಿದೆ. “ಇದು ಇದ್ದಾಗ ಈ ಕಣ್ಣಿಲೆ ನೋಡಬೇಕು. ಕಾಣಂಗಿಲ್ಲ ಅಂತ ಕಿತ್ತಬಾರದು,” ಎಂದೆ. ಕೂಸು ಕತ್ತು ಹೊರಳಿಸಿ, ಆ ಸೋಮಾರಿ ಎಡಗಣ್ಣನ್ನು ಮೂಗಿನ ಬದಿಯಿಂದ ಮೆಲ್ಲಗೆ ಹೊರಗೆಳೆದು ನನ್ನನ್ನು ನೋಡಿತು.

“ಬೋಣಿ ಹೊತ್ತಿನ್ಯಾಗ!” ಎಂದು ದೊಡ್ಡಪ್ಪ ಎದ್ದರು. ಅದೇ ಕೈ ಅದೇ ರೀತಿ ಮುಂದೆ ಬಂತು, ಕೂಸಿನ ಮುಖಕ್ಕೆ. ಪ್ರಿಸಂ ಬದಲಾದಾಗ ಸ್ವಲ್ಪ ಹೊತ್ತು ಕೈ ಗುರಿ ತಪ್ಪುತ್ತದೆ. ಎಂಟು ದಿನ ಸುಳ್ಳು ಜಾಗಕ್ಕೆ ಹೋಗಿ ರೂಢಿಯಾದ ಕೈ ಅದು. ಪಟ್ಟಿಯನ್ನು ಹಿಡಿಯಲು ಹೋಗಿ ಕೂಸಿನ ಕಿವಿಯ ಪಕ್ಕದ ಗಾಳಿಯನ್ನು ಹಿಡಿಯಿತು. ಇನ್ನೊಮ್ಮೆ ಚಾಚಿದರು. ಮತ್ತೆ ಗಾಳಿ. ಮೂರನೆಯ ಸಲ ಚಾಚುವಷ್ಟರಲ್ಲಿ ಪವಿತ್ರಾ ಮಗಳನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಿದ್ದಳು.

“ಮಾವಾರ,” ಎಂದಳು ಅವಳು, ದನಿ ಏರಿಸದೆ, “ನಿಮ್ಮ ಕಣ್ಣು ಸರಿ ಆದ್ರ ಕೂಸಿಂದು ತೋರಸಾಕ ಬಿಡ್ತೀನಿ ಅಂದಿದ್ರಿ. ಈಗ ಒಂದ ಕೂಸು ಅಂದ್ರಿ. ಎಲ್ಲಾರೂ ಕೇಳ್ಯಾರ.”

ಸಂತೆಕಲ್ಲೂರಿನ ಹಿರಿಯಳು ಆ ಕ್ಷಣದಲ್ಲೇ ಹಸಿರು ಇಳಕಲ್ ಸೀರೆಯನ್ನು ಮಡಿಲಿಗೆಳೆದುಕೊಂಡು, “ಜಗಳಾ ಆಮ್ಯಾಲ ಮಾಡ್ಕೊರೆಪಾ, ಇದನ್ನ ಕಟ್ಟು. ನಮಗ ಬಸ್ಸೈತಿ,” ಎಂದಳು. ಜೊತೆಗಿದ್ದವಳು ಫೋನು ತೆಗೆದಳು. ರೊಕ್ಕ ಬಂತೆಂದು ಡಬ್ಬಿ ಒದರಿತು. ಅದನ್ನು ಯಾವ ಕಣ್ಣಿಗೂ ಮುಟ್ಟಿಸಲು ಯಾರಿಗೂ ಹೊತ್ತಾಗಲಿಲ್ಲ. ಬೋಣಿ ಆಗಿಯೇ ಹೋಯಿತು.

ನಾನು ಬಸ್ಸಿಗೆ ಹೊರಟಾಗ ದೊಡ್ಡಪ್ಪ, “ನಿಮ್ಮ ಡಾಕ್ಟರಿಗೆ ಹೇಳ್ತೀನಿ, ನಿನ್ನ ನೌಕರಿ ಕಳೀತೀನಿ,” ಎಂದರು. ಅವರ ಕೈಯಲ್ಲಿ ಆ ಒಂದು ಮಾತೂ ಉಳಿಯಬಾರದೆಂದು ನಾನೇ ಅವತ್ತು ಮಧ್ಯಾಹ್ನ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಪ್ರಿಸಂ ಪೆಟ್ಟಿಗೆಯ ಕೀಲಿ ಇಸಿದುಕೊಂಡರು. “ಅವರು ಬಿದ್ದು ಸೊಂಟ ಮುರಿದುಕೊಂಡಿದ್ದರೆ?” ಎಂದು ಕೇಳಿದರು. ದೀಪಾವಳಿಯವರೆಗೆ ನಾನು ಚೀಟಿ ಬರೆದೆ, ಕಸ ಹೊಡೆದೆ, ಬೇರೆಯವರ ಕಣ್ಣಿನ ಮುಂದೆ ಏನನ್ನೂ ಹಿಡಿಯಲಿಲ್ಲ. ಅದು ಸರಿಯಾದ ಶಿಕ್ಷೆ, ತಕರಾರಿಲ್ಲ. ಕೂಸನ್ನು ಪಣಕ್ಕಿಟ್ಟ ಏಳು ದಿನಕ್ಕೆ ನನಗೆ ಈಗಲೂ ನಾಚಿಕೆಯಿದೆ. ದೊಡ್ಡಪ್ಪನ ಎಂಟು ದಿನಕ್ಕೆ ಇಲ್ಲ.

ದೊಡ್ಡಪ್ಪನ ನರ ಡಾಕ್ಟರಮ್ಮ ಹೇಳಿದಂತೆ ತಾನಾಗಿ ಚೇತರಿಸಿತು, ಹಾಳೆ ತೆಗೆದರು. ನನ್ನ ಕಣ್ಣು ಚೇತರಿಸುವಂಥದ್ದಲ್ಲ. ತಪ್ಪಾಯಿತು ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ನಾನು ಅದನ್ನು ಎಲ್ಲಿಡಬೇಕಿತ್ತೋ ಗೊತ್ತಿಲ್ಲ. ಕೂಸಿಗೆ ಕನ್ನಡಕ ಬಂತು, ದಿನಾ ಆರು ತಾಸು ಕಣ್ಣುಪಟ್ಟಿ. ಪವಿತ್ರಾ ಒಂದು ದಿನ ಬಿಡಲಿಲ್ಲ. ಬೋಣಿ ಹೊತ್ತಿಗೆ ಅದನ್ನು ಅಂಗನವಾಡಿಗೆ ಕಳಿಸಿಬಿಡುತ್ತಾಳೆ.

ಇವತ್ತು ನಾಲ್ಕಕ್ಕೆ ಬಂದರು, ದೊಡ್ಡಪ್ಪನೂ ಬಂದಿದ್ದರು. ಅವರು ತಮ್ಮ ಕಣ್ಣಿಗೂ ಚೀಟಿ ಕೇಳಿದರು. ಕೂಸಿನ ಚೀಟಿ ಮೊದಲು ಹಾಕಿದೆ, ಅವರದು ಎಲ್ಲರಿಗಿಂತ ಕೊನೆಗೆ. ಪ್ರತಿ ಸಲವೂ ಹಾಗೆಯೇ ಹಾಕುತ್ತೇನೆ, ಅವರಿಗೂ ಗೊತ್ತು, ಬೆಂಚಿನ ತುದಿಗೆ ಕುಳಿತು ಕಾಯುತ್ತಾರೆ. ಒಳಗೆ ಸಿಂಚನಾ ಬಲಗಣ್ಣು ಮುಚ್ಚಿಕೊಂಡು ಚಿತ್ರದ ಹಲಗೆಯಲ್ಲಿ ಬಾತುಕೋಳಿ, ಕೊಡೆ, ಚಹಾದ ಕಪ್ಪು, ಮತ್ತೆ ಅದರ ಕೆಳಗಿನ ಸಾಲಿನ ಪುಟ್ಟ ಮೀನನ್ನೂ ಹೇಳಿತು. ಹೋದ ವರ್ಷ ಬಾತುಕೋಳಿಯೇ ಕಂಡಿರಲಿಲ್ಲ. ಪ್ರಿಸಂ ಪಟ್ಟಿ ಹಿಡಿದು ಸರಿಸಿದೆ. ಮೂರನೆಯ ಪಾವಟಿಗೆಯಲ್ಲೇ ಕಣ್ಣು ನಿಂತಿತು. ದೀಪ ಹಚ್ಚಿ, “ಎಷ್ಟು?” ಎಂದೆ. ಅದು ನನ್ನನ್ನು ಏನೂ ತಿಳಿಯದವಳನ್ನು ನೋಡುವಂತೆ ನೋಡಿ, “ಒಂದ ಅಲ್ಲೇನು?” ಎಂದಿತು. ಅರ್ಧಚಂದ್ರದ ಚೂರನ್ನು ಮತ್ತೆ ಮಖಮಲ್ಲಿನ ಅಡಿಗೇ ಇಟ್ಟು ಪೆಟ್ಟಿಗೆಗೆ ಕೀಲಿ ಹಾಕಿದೆ. ಡಾಕ್ಟರಮ್ಮ ದೊಡ್ಡಪ್ಪನನ್ನು ನೋಡಿ ಮುಗಿಸಿದಾಗ ಆರೂವರೆ.

ಮನೆಗೆ ಬಂದು ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಮೊಸರು ಉಂಡೆವು. ಕುಕ್ಕರಿನ ರಬ್ಬರು ಬಿಗಿಯಾಗಿತ್ತು, ಬೇಳೆಯೂ ಬೆಂದಿತ್ತು. ಅವ್ವ ಕೈ ತೊಳೆದುಕೊಂಡು ಬಂದು ಎಂದಿನಂತೆ ಕೇಳಿದಳು, “ಎಷ್ಟು ಕಾಣ್ತಾವಂತ ಅವಗ ಈಗ?”

“ಒಂದ.”

“ಛೀ,” ಎಂದು ಲೊಚಗುಟ್ಟಿದಳು. ಹಾಸಿಗೆ ಬಿಡಿಸಿ ಕುಳಿತ ಮೇಲೆ ಮತ್ತೆ, “ಕೂಸಿಗೆ?” ಎಂದಳು.

“ಕೂಸಿಗೂ ಒಂದ. ಎರಡೂ ಕಣ್ಣಿಲೆ ಒಂದು.”

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ಮುಖ ಮಾಡಿ ಮಲಗಿ, ನಾನು ತಾಟು ತೊಳೆದು ಬರುವಷ್ಟರಲ್ಲಿ ದಿನಾ ತಡರಾತ್ರಿಯವರೆಗೆ ಹೊರಳಾಡುವವಳು ನಿದ್ದೆ ಹೋಗಿದ್ದಳು.